ಹಾಗಲ್ಲಮ್ಮನ ಒಂದೇ ಸುಳ್ಳು

ಹಾಗಲ್ಲಮ್ಮ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ. ಪತ್ರಿಕೆಯ ಆಫೀಸಿನಲ್ಲಿ ಅಂಟಿಕೊಂಡದ್ದು, ನಿವೃತ್ತಿಯಾದ ಮೇಲೂ ಉದುರಲಿಲ್ಲ. ಯಾರು ಏನೇ ಹೇಳಲಿ, ಅವಳ ಬಾಯಿಂದ ಮೊದಲು ಬರುತ್ತಿದ್ದ ಮಾತು "ಹಾಗಲ್ಲ". ಸೇತುವೆ ಹಳೆಯದು ಅಂತ ಯಾರಾದರೂ ಬರೆದು ತಂದರೆ, "ಹಾಗಲ್ಲ, ಕಂಬ ಹಳೇದು, ಮೇಲಿನ ಹಾಸು ಹೊಸದು." ಮಂತ್ರಿ ಸಿಟ್ಟಾದರು ಅಂತ ಬರೆದರೆ, "ಹಾಗಲ್ಲ, ಎದ್ದು ಹೋದ್ರು ಅಷ್ಟೆ. ಹೊಟ್ಟೆಯೊಳಗಿನ ಸಿಟ್ಟು ನಿನಗೆ ಹೇಗಪ್ಪಾ ಕಾಣಿಸ್ತು?" ಹೊಸದಾಗಿ ಸೇರಿದ ವರದಿಗಾರರು ಅವಳ ಮೇಜಿನ ಹತ್ತಿರ ಹೋಗುವ ಮುಂಚೆ ಉಗುಳು ನುಂಗಿಕೊಳ್ಳುತ್ತಿದ್ದರು. ಅವಳು ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ಎಷ್ಟೋ ಸಲ ತಾನೇ ತಪ್ಪಿದ್ದರೂ ಜಗ್ಗದೆ ವಾದ ಮಾಡಿ, ಮರುದಿನ ಬೆಳಿಗ್ಗೆ ಬಂದು ಮುಖ ಊದಿಸಿಕೊಂಡು "ನಿನ್ನೆದು ನೀನು ಹೇಳಿದ್ದೇ ಸರಿ" ಅಂದು ಹೋಗಿಬಿಡುತ್ತಿದ್ದಳು.

ಮನೆಯಲ್ಲೂ ಅದೇ ಕಥೆ. ಅವಳ ಗಂಡ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಮೇಷ್ಟ್ರು, ಸಾಧು ಮನುಷ್ಯ. ನೆಂಟರ ಮುಂದೆ "ನಾನು ಇವಳನ್ನ ಮೊದಲು ನೋಡಿದ್ದು ಬಸ್ಸಲ್ಲಿ" ಅಂತ ಅವರು ಶುರು ಮಾಡಿದರೆ ಸಾಕು, ಅಡುಗೆಮನೆಯಿಂದ ಕೂಗು ಬರುತ್ತಿತ್ತು: "ಹಾಗಲ್ಲ ರೀ, ಬಸ್ಸಿಗೆ ಕಾಯ್ತಿದ್ದಾಗ." ಮೇಷ್ಟ್ರು ನಿಟ್ಟುಸಿರು ಬಿಟ್ಟು, "ನಮ್ಮ ಮದುವೆಗೆ ನಾನು ಬಂದಿದ್ದಾದರೂ ನಿಜ ತಾನೇ?" ಅಂತ ಕೇಳುತ್ತಿದ್ದರು.

ಇಂಥವಳು ಒಂದೇ ಒಂದು ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಂಡನಿಗೂ ಹೇಳಿರಲಿಲ್ಲ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು ಅದು. ಊರಲ್ಲಿ ಹೆಸರುವಾಸಿಯಾದ ಒಂದು ರಕ್ತ ಪರೀಕ್ಷೆಯ ಲ್ಯಾಬ್ ಇತ್ತು. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಗೆ ವರದಿ. ಯಾರಿಗೂ ಗೊತ್ತಿಲ್ಲದ ಸಂಗತಿ ಏನೆಂದರೆ, ಬಂದ ಸೀಸೆಗಳಲ್ಲಿ ಬಹಳಷ್ಟನ್ನು ಅಲ್ಲಿ ತೆರೆಯುತ್ತಲೇ ಇರಲಿಲ್ಲ. ವಯಸ್ಸು ನೋಡಿ, ಅಂದಾಜಿನ ಮೇಲೆ "ಎಲ್ಲ ಸರಿಯಾಗಿದೆ" ಅಂತ ಟೈಪ್ ಮಾಡಿ ಕಳಿಸುತ್ತಿದ್ದರು. ಸೀಸೆಗಳು ನೇರ ತೊಳೆಯುವ ತೊಟ್ಟಿಗೆ ಹೋಗುತ್ತಿದ್ದವು. ಎಲ್ಲ ಸರಿಯಾಗಿದೆ ಅಂತ ನಂಬಿ ಮನೆಗೆ ಹೋಗಿ ಸತ್ತವರಿದ್ದರು. ಹಾಗಲ್ಲಮ್ಮ ಅದನ್ನು ಬಯಲಿಗೆಳೆದಳು. ಮುಚ್ಚಳದ ಸೀಲ್ ಕೂಡ ಒಡೆಯದ ಸೀಸೆಗಳನ್ನೂ, ಅವುಗಳ ಮೇಲೆ ಹೆಸರಿದ್ದ ರೋಗಿಗಳಿಗೆ ಅದಾಗಲೇ ಕೊಟ್ಟಿದ್ದ ವರದಿಗಳನ್ನೂ ಪಕ್ಕಪಕ್ಕ ಇಟ್ಟು ಫೋಟೋ ಸಮೇತ ಪ್ರಕಟಿಸಿದಳು. ಲ್ಯಾಬಿಗೆ ಬಾಗಿಲು ಬಿತ್ತು. ಯಜಮಾನ ಜೈಲಿಗೆ ಹೋದ.

ಸೀಸೆ ಕೊಟ್ಟವರು ಯಾರು? ಸುದ್ದಿಯಲ್ಲಿ ಇದ್ದದ್ದು "ಒಳಗಿನವರೊಬ್ಬರು" ಅಂತ ಮಾತ್ರ. ಸಂಪಾದಕರು ಕೇಳಿದರು, ಪೊಲೀಸರು ಕೇಳಿದರು, ನ್ಯಾಯಾಧೀಶರು ಕಣ್ಣು ಕೆಂಪಗೆ ಮಾಡಿ ಕೇಳಿದರು. ಹಾಗಲ್ಲಮ್ಮ ತುಟಿ ಪಿಟಕ್ಕೆನ್ನಲಿಲ್ಲ.

ಯಾಕೆಂದರೆ ಕೊಟ್ಟವಳು ಯಜಮಾನನ ಒಡಹುಟ್ಟಿದ ಅಕ್ಕ. ಲ್ಯಾಬಿನಲ್ಲಿ ಸೀಸೆ ತೊಳೆಯುತ್ತಿದ್ದವಳು ಅವಳೇ. ತಾಯಿ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು, ಅವನಿಗೋಸ್ಕರ ಮದುವೆಯನ್ನೂ ಒಲ್ಲೆ ಅಂದವಳು, ಅವನ ಮನೆಯಲ್ಲೇ ಬದುಕಿದವಳು. ಸೀಸೆಯ ಚೀಲ ಕೈಗಿಟ್ಟ ದಿನ ಅವಳು ಮಾತು ತೆಗೆದುಕೊಂಡಿದ್ದಳು: "ನನ್ನ ತಮ್ಮನಿಗೆ ಗೊತ್ತಾಗಬಾರದು ಕಣೆ. ಗೊತ್ತಾದ್ರೆ ಆ ಮನೇಲಿ ನನಗೆ ಒಂದು ಲೋಟ ನೀರೂ ಹುಟ್ಟಲ್ಲ."

ತಮ್ಮ ಜೈಲಿಂದ ಬಂದ. ಅಷ್ಟರಲ್ಲಿ ಹೆಂಡತಿ ಬಿಟ್ಟು ಹೋಗಿದ್ದಳು, ಗೆಳೆಯರು ಬೀದಿ ಬದಲಾಯಿಸಿ ನಡೆಯುತ್ತಿದ್ದರು. ಉಳಿದವಳು ಅಕ್ಕ ಒಬ್ಬಳೇ. ಮನೆಯ ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಅಕ್ಕನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದ. ಎಲ್ಲರೂ ಬೆನ್ನಿಗೆ ಚೂರಿ ಹಾಕಿದರು, ಇವಳೊಬ್ಬಳು ಹಾಕಲಿಲ್ಲ ಅಂತ ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಹಾಗಲ್ಲಮ್ಮನಿಗೆ ಎದೆ ಹಿಂಡಿದಂತಾಗುತ್ತಿತ್ತು. ಅಕ್ಕನನ್ನು ಮತ್ತೆ ಮಾತಾಡಿಸಲಿಲ್ಲ. ಒಮ್ಮೆ ಔಷಧಿ ಅಂಗಡಿಯಲ್ಲಿ ಎದುರಾದಾಗ ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿದ್ದರು.

ಹೀಗಿರುವಾಗ ಬಂದಳು ನೋಡಿ, ಡೈರೆಕ್ಟರ್.

ಮೂವತ್ತೈದರ ಆಸುಪಾಸಿನ ಹೆಂಗಸು, ಸಣ್ಣ ದನಿ, ಎದುರಿಗಿದ್ದವರು ಮಾತು ಮುಗಿಸಿದ ಮೇಲೂ ಇನ್ನೂ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡುವ ಅಭ್ಯಾಸ. ಲ್ಯಾಬಿನ ಕಥೆಯನ್ನು ಸಿನಿಮಾ ಮಾಡುತ್ತಾಳಂತೆ. ಊರು, ಹೆಸರು ಎಲ್ಲ ಬದಲಾಯಿಸುತ್ತಾಳಂತೆ, ಆದರೆ ಪತ್ರಿಕೆಯ ಕೆಲಸ ಮಾತ್ರ ಇದ್ದ ಹಾಗೇ ಬರಬೇಕಂತೆ. "ನೀವು ಕೂತು ಕೇಳಬೇಕು ಮೇಡಂ. ತಪ್ಪಿದ್ದಲ್ಲಿ ಹೇಳಬೇಕು," ಅಂದಳು. ತಪ್ಪು ಹುಡುಕಲು ಕರೆದರೆ ಹಾಗಲ್ಲಮ್ಮ ಬಿಟ್ಟಾಳೆಯೇ? ಮೇಷ್ಟ್ರು ಅವಳ ಚಪ್ಪಲಿ ತಂದು ಮುಂದಿಟ್ಟು, "ಹೋಗಿ ಬಾ ತಾಯಿ, ನನಗೂ ನಾಲ್ಕು ದಿನ ರಜ ಸಿಗಲಿ" ಅಂದರು.

ಟೈರ್ ಅಂಗಡಿಯ ಮೇಲಿನ ಎರಡು ಕೋಣೆ ಡೈರೆಕ್ಟರಳ ಆಫೀಸು. ಕೆಳಗೆ ರಬ್ಬರಿನ ವಾಸನೆ, ಚಕ್ರಕ್ಕೆ ಗಾಳಿ ತುಂಬುವ ಸದ್ದು. ಮೇಲೆ ಒಂದು ಉದ್ದ ಮೇಜು, ಗೋಡೆ ತುಂಬ ಹಳೆಯ ಫೋಟೋಗಳು. ಡೈರೆಕ್ಟರ್ ಒಂದೊಂದೇ ದೃಶ್ಯವನ್ನು ಗಟ್ಟಿಯಾಗಿ ಓದುವುದು, ಹಾಗಲ್ಲಮ್ಮ ನಡುವೆ ಬಾಯಿ ಹಾಕುವುದು.

"ಹಾಗಲ್ಲ. ನಮ್ಮ ಸಂಪಾದಕರು ಮೇಜು ಕುಟ್ಟೋರಲ್ಲ. ಸಿಟ್ಟು ಬಂದ್ರೆ ಪೆನ್ಸಿಲ್ ಚೂಪು ಮಾಡೋರು."

"ಹಾಗಲ್ಲ. ವರದಿಗಾರರು ಹೀಗೆ ಓಡೋದಿಲ್ಲಮ್ಮ. ಕಾಯ್ತಾರೆ."

"ಕಾಯೋದನ್ನ ಯಾರು ಮೇಡಂ ಟಿಕೆಟ್ ತಗೊಂಡು ನೋಡ್ತಾರೆ?" ಅಂತ ಡೈರೆಕ್ಟರ್ ನಕ್ಕಳು. ಹಾಗಲ್ಲಮ್ಮನೂ ನಕ್ಕಳು. ಇಬ್ಬರಿಗೂ ಒಗ್ಗಿತು. ಖುಷಿಯಲ್ಲಿ ಹಾಗಲ್ಲಮ್ಮ ತನ್ನ ಕಸುಬಿನ ಗುಟ್ಟನ್ನೂ ಹೇಳಿಕೊಟ್ಟಳು: ಬಾಯಿ ಬಿಡದವರ ಹತ್ತಿರ ಪ್ರಶ್ನೆ ಕೇಳಬಾರದು, ತಪ್ಪು ಕಥೆ ಹೇಳಬೇಕು. "ಎಂಥ ಗಟ್ಟಿ ಪಿಂಡ ಆದ್ರೂ ಸರಿ, ಎದುರಿಗಿದ್ದವರು ತಪ್ಪು ಹೇಳಿದ್ರೆ ನಾಲಿಗೆ ತಡೆಯಲ್ಲ ಕಣಮ್ಮ. ತಿದ್ದೇ ತಿದ್ದುತ್ತಾರೆ. ತಿದ್ದಿದ್ರು ಅಂದ್ರೆ ಸಿಕ್ಕಿಬಿದ್ರು."

ಡೈರೆಕ್ಟರ್ ಅವಳ ಮುಖವನ್ನೇ ನೋಡುತ್ತಾ ತಲೆದೂಗಿದಳು.

ಸೀಸೆ ಕೈ ಬದಲಾಗುವ ದೃಶ್ಯಕ್ಕೆ ಬಂದಾಗ, ಡೈರೆಕ್ಟರ್ ಓದಿದ್ದು ಹೀಗೆ: ಲ್ಯಾಬಿನ ಟೆಕ್ನಿಷಿಯನ್ ಮೆಟ್ಟಿಲ ಕೆಳಗೆ ಬಂದು ವರದಿಗಾರ್ತಿಗೆ ಪೊಟ್ಟಣ ಕೊಡುತ್ತಾನೆ. ಊರಿನವರೂ ಆಗ ಹಾಗೇ ಮಾತಾಡಿಕೊಂಡಿದ್ದರು.

"ಹಾಗಲ್ಲ," ಅಂದಳು ಹಾಗಲ್ಲಮ್ಮ.

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಡೈರೆಕ್ಟರ್ ತಲೆ ಎತ್ತಲಿಲ್ಲ.

"ಅಂದ್ರೆ, ಅವನು ಪುಕ್ಕಲ. ಅವನ ಕೈಲಿ ಆಗೋ ಕೆಲಸ ಅಲ್ಲ," ಅಂತ ತೇಪೆ ಹಾಕಿದಳು. ಡೈರೆಕ್ಟರ್ "ಸರಿ ಮೇಡಂ" ಅಂದು ಪುಟ ತಿರುವಿದಳು.

ಮುಂದಿನ ವಾರ ಅದೇ ದೃಶ್ಯ ಬೇರೆ ವೇಷದಲ್ಲಿ ಬಂತು. ಈ ಸಲ ಕೊಡುವವನು ಲ್ಯಾಬಿನ ಡ್ರೈವರ್. ಕಾರಿನ ಸೀಟಿನ ಕೆಳಗಿಂದ ಸೀಸೆ ತೆಗೆದು ಕೊಡುತ್ತಾನೆ. ಹಾಗಲ್ಲಮ್ಮ ಕನ್ನಡಕ ಒರೆಸುತ್ತಾ, ಯೋಚನೆಯೇ ಇಲ್ಲದೆ, "ಹಾಗಲ್ಲ ಕಣಮ್ಮ, ಡ್ರೈವರ್‌ಗಳನ್ನ ಒಳಗೇ ಬಿಡ್ತಿರಲಿಲ್ಲ. ಸೀಸೆ ಮುಟ್ಟೋದು ಹೇಗೆ?" ಅಂದಳು. ಮನೆಗೆ ಹೋಗುವ ದಾರಿಯಲ್ಲಿ ಸುಮ್ಮನೆ ಒಂದು ಮುಳ್ಳು ಚುಚ್ಚಿದಂತಾಯಿತು. ಯಾಕೆ ಅಂತ ಅವಳಿಗೆ ತಕ್ಷಣ ಹೊಳೆಯಲಿಲ್ಲ. ಬೇರೆಯವರನ್ನು ಕೆಡವಲು ತಾನೇ ತೋಡುತ್ತಿದ್ದ ಹಳ್ಳ ಅದು ಅಂತ ಹೊಳೆಯುವ ಹೊತ್ತಿಗೆ ಮೂರನೇ ಓದು ಬಂದಿತ್ತು.

ಮೂರನೇ ಓದಿನಲ್ಲಿ ಡೈರೆಕ್ಟರ್ ನಿಧಾನವಾಗಿ ಓದಿದಳು. ಸೀಸೆ ತೊಳೆಯುವ ಕೋಣೆ. ನಲ್ಲಿ ಬಿಟ್ಟಿದೆ. ಯಜಮಾನನ ಅಕ್ಕ ಒಂದು ಸೀಸೆ ಎತ್ತಿಕೊಂಡು ಬೆಳಕಿಗೆ ಹಿಡಿಯುತ್ತಾಳೆ. ಸೀಲ್ ಒಡೆದಿಲ್ಲ. ನಲ್ಲಿ ನಿಲ್ಲಿಸುತ್ತಾಳೆ. ಸೆರಗಿನಲ್ಲಿ ಸುತ್ತಿಕೊಳ್ಳುತ್ತಾಳೆ.

ಕೆಳಗೆ ಯಾರೋ ಟೈರ್ ಉರುಳಿಸಿಕೊಂಡು ಹೋದ ಸದ್ದಾಯಿತು. ಹಾಗಲ್ಲಮ್ಮ ಬಾಯಿ ತೆರೆದಳು. ಹಾಗಲ್ಲ ಅನ್ನಬೇಕು, ಈಗಲೇ ಅನ್ನಬೇಕು, ಹೊತ್ತು ಮೀರಿದ ಮೇಲೆ ಅಂದರೆ ಪ್ರಯೋಜನವಿಲ್ಲ. ಜೀವನವಿಡೀ ಸಲೀಸಾಗಿ ಬಂದ ಮಾತು ಅವತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಇದ್ದದ್ದನ್ನು ಇಲ್ಲ ಅಂತ ತಿದ್ದಿ ಅವಳಿಗೆ ಅಭ್ಯಾಸವೇ ಇರಲಿಲ್ಲ. "ನೀರಿದೆಯೇನಮ್ಮ?" ಅಂತ ಕೇಳಿದಳು.

ಡೈರೆಕ್ಟರ್ ನೀರು ತಂದುಕೊಟ್ಟು, ಎದುರಿಗೆ ಕೂತಳು. "ಇದಕ್ಕೆ ನೀವು ಹಾಗಲ್ಲ ಅನ್ನಲಿಲ್ಲ ಮೇಡಂ."

"ಕೇಳಿಸಿಕೊಳ್ತಾ ಇದ್ದೆ."

"ಮೂರು ವಾರದಿಂದ ನೀವು ಒಂದು ದೃಶ್ಯಾನೂ ಸುಮ್ಮನೆ ಕೇಳಿಸಿಕೊಂಡಿಲ್ಲ."

ಹಾಗಲ್ಲಮ್ಮ ಲೋಟ ಕೆಳಗಿಟ್ಟಳು. ಇವಳನ್ನು ಬಯ್ಯಬೇಕೋ, ಭೇಷ್ ಅನ್ನಬೇಕೋ ತಿಳಿಯದೆ ಒದ್ದಾಡಿದಳು. "ಈ ದೃಶ್ಯ ಬೇಡಮ್ಮ. ತೆಗೆದುಬಿಡು."

"ಯಾಕೆ?"

"ಚೆನ್ನಾಗಿಲ್ಲ."

"ಸುಳ್ಳು ಹೇಳೋಕೆ ನಿಮಗೆ ಬರಲ್ಲ ಮೇಡಂ," ಅಂದಳು ಡೈರೆಕ್ಟರ್, ಮೆತ್ತಗೆ. "ನಾನು ಮಾಡ್ತಿರೋದು ಕಟ್ಟುಕಥೆ. ಆ ಅಕ್ಕ ಅಲ್ಲ ಅಂದ್ರೆ ದೃಶ್ಯದಿಂದ ಯಾರಿಗೂ ತೊಂದರೆ ಇಲ್ಲ, ಇರಲಿ ಬಿಡಿ. ಆ ಅಕ್ಕಾನೇ ಅಂದ್ರೆ ಹೇಳಿ, ಈಗಲೇ ಹರಿದು ಹಾಕ್ತೀನಿ. ಆಣೆ ಮಾಡಿ ಹೇಳ್ತೀನಿ. ಆದ್ರೆ ಹೌದು ಅಂತ ನೀವು ಒಂದು ಮಾತು ಹೇಳಬೇಕು."

ಹೇಗಿದೆ ನೋಡಿ ಸಂಕಟ! ದೃಶ್ಯ ಉಳಿದರೆ ಅಕ್ಕನ ತಮ್ಮ ಸಿನಿಮಾ ನೋಡುತ್ತಾನೆ; ಸೀಲ್ ಒಡೆಯದ ಸೀಸೆ ತೊಟ್ಟಿಯ ಹತ್ತಿರ ನಿಂತವಳಿಗೆ ಬಿಟ್ಟು ಇನ್ಯಾರಿಗೆ ಸಿಕ್ಕೀತು ಅಂತ ಅವನಿಗೆ ಹೊಳೆಯದೆ ಇರುತ್ತದೆಯೇ? ದೃಶ್ಯ ತೆಗೆಸಬೇಕೆಂದರೆ ಹೌದು ಅನ್ನಬೇಕು. ಹೌದು ಅಂದರೆ ಕೊಟ್ಟ ಮಾತು ಮಣ್ಣುಪಾಲು. ಡೈರೆಕ್ಟರ್ ಇವತ್ತು ಒಳ್ಳೆಯವಳು, ನಾಳೆ ಯಾರ ಹತ್ತಿರ ಏನು ಬಾಯಿ ಬಿಡುತ್ತಾಳೋ ಯಾರು ಬಲ್ಲರು? ಹಾಗಲ್ಲಮ್ಮ ಏನೂ ಹೇಳದೆ ಚೀಲ ಹೆಗಲಿಗೇರಿಸಿ ಎದ್ದಳು. ಬಾಗಿಲ ಹತ್ತಿರ ಡೈರೆಕ್ಟರ್, "ಮುಂದಿನ ವಾರ ಆ ದೃಶ್ಯದ ಶೂಟಿಂಗ್ ಇದೆ ಮೇಡಂ. ಅಷ್ಟರೊಳಗೆ ಹೇಳಿ," ಅಂದಳು.

ಮುಂದಿನ ಎರಡು ದಿನ ಮೇಷ್ಟ್ರು ಏನು ತಪ್ಪು ಹೇಳಿದರೂ ಮನೆಯಲ್ಲಿ ತಿದ್ದುವವರಿಲ್ಲ. ಬೇಕೆಂದೇ ಪಕ್ಕದ ಮನೆಯವರ ಮುಂದೆ "ಇವಳನ್ನ ಮೊದಲು ನೋಡಿದ್ದು ರೈಲಲ್ಲಿ" ಅಂದರು. ಹಾಗಲ್ಲಮ್ಮ ಗೋಡೆ ನೋಡುತ್ತಾ ಕೂತಿದ್ದಳು. ಮೇಷ್ಟ್ರಿಗೆ ಆಗ ನಿಜವಾಗಿ ಹೆದರಿಕೆ ಹುಟ್ಟಿತು.

ಮೂರನೆಯ ದಿನ ಬೆಳಿಗ್ಗೆ ಅವಳು ಜೆರಾಕ್ಸ್ ಅಂಗಡಿಯ ಬೀದಿಗೆ ಹೋದಳು. ಅಕ್ಕನಿಗೆ ಹೇಗಾದರೂ ಸುಳಿವು ಕೊಡಬೇಕು, ಮುಂದೇನು ಅಂತ ಅವಳನ್ನೇ ಕೇಳಬೇಕು ಅಂತ. ಎದುರಿನ ಬದಿಯಲ್ಲಿ ನಿಂತಿದ್ದ ಲಾರಿಯ ಮರೆಯಲ್ಲಿ ನಿಂತು ನೋಡಿದಳು. ಅಂಗಡಿಯ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ತಮ್ಮ ಕೆಳಗೆ ನೆಲದ ಮೇಲೆ ಕೂತು, ಅವಳ ಪಾದವನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದ. ಗಿರಾಕಿಯೊಬ್ಬ ಬಂದು ಕಾಗದ ಚಾಚಿದರೆ, "ತಡೀರಿ ಸ್ವಾಮಿ, ಎರಡು ಬೆರಳು ಬಾಕಿ ಇದೆ" ಅಂದ. ಅಕ್ಕ "ಅಯ್ಯೋ, ಏಳೋ, ಪಾಪ ಅವರಿಗೆ ಹೊತ್ತಾಗುತ್ತೆ" ಅಂತ ಗದರುತ್ತಿದ್ದಳು. ಗದರುತ್ತಾ ತಲೆ ಎತ್ತಿದಳು. ಲಾರಿಯ ಪಕ್ಕ ನಿಂತವಳನ್ನು ಕಂಡಳು.

ಅಕ್ಕನ ಮುಖ ಬಿಳಿಚಿಕೊಂಡಿತು. ಕಾಲು ಎಳೆದುಕೊಂಡಳು. "ನೋವಾಯ್ತಾ?" ಅಂತ ತಮ್ಮ ಕೇಳಿದ್ದು ಬೀದಿಯ ಈಚೆಗೂ ಕೇಳಿಸಿತು. ಹಾಗಲ್ಲಮ್ಮ ಬೆನ್ನು ತಿರುಗಿಸಿ ನಡೆದುಬಿಟ್ಟಳು. ಕಣ್ಣಲ್ಲಿ ನೀರು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಈ ವಯಸ್ಸಿನಲ್ಲಿ ಆ ಮುದುಕಿಯನ್ನು ತನ್ನ ಮುಂದೆ ನಿಲ್ಲಿಸಿಕೊಂಡು ಏನು ಕೇಳುವುದು? ಹೆದರಿಕೆಯಿಂದ ಸಾಯಿಸುವುದಕ್ಕೆ ಇಷ್ಟು ದೂರ ಬರಬೇಕಿತ್ತೇ?

ಅಲ್ಲಿಂದ ನೇರ ಟೈರ್ ಅಂಗಡಿಗೆ ಹೋದಳು. ಮೆಟ್ಟಿಲು ಹತ್ತುತ್ತಾ ಮಾತು ಜೋಡಿಸಿಕೊಂಡಳು. ಡೈರೆಕ್ಟರಳಿಗೆ ಅಕ್ಕನ ಕಥೆ ಬಿಡಿಸಬೇಕೆಂದರೆ ಅದಕ್ಕಿಂತ ರುಚಿಯಾದ ಕಥೆ ಕೊಡಬೇಕು. ಅವಳ ಹತ್ತಿರ ಕೊಡುವುದಕ್ಕೆ ಇದ್ದದ್ದು ಒಂದೇ.

"ನೀನು ಕೇಳಿದ್ದಕ್ಕೆ ಉತ್ತರ ತಂದಿದೀನಿ," ಅಂದಳು, ಕೂರದೆ. "ಆ ಅಕ್ಕಾನೂ ಅಲ್ಲ, ಯಾರೂ ಅಲ್ಲ. ಒಳಗಿನವರು ಅಂತ ಯಾರೂ ಇರಲೇ ಇಲ್ಲ."

ಡೈರೆಕ್ಟರ್ ಪೆನ್ನು ಕೆಳಗಿಟ್ಟಳು.

"ಸೀಸೆ ನಾನೇ ಕದ್ದೆ. ರೋಗಿ ಅಂತ ಹೋಗಿದ್ದೆ, ತೊಳೆಯೋ ಕೋಣೆ ಬಾಗಿಲು ತೆಗೆದಿತ್ತು, ಚೀಲಕ್ಕೆ ಹಾಕ್ಕೊಂಡು ಬಂದೆ. ಕದ್ದೆ ಅಂತ ಬರೆದ್ರೆ ಸಂಪಾದಕರು ಹಾಕ್ತಿರಲಿಲ್ಲ. ಅದಕ್ಕೇ ಒಳಗಿನವರೊಬ್ಬರು ಅಂತ ಹುಟ್ಟಿಸಿದೆ. ಮೊನ್ನೆ ಸುಮ್ಮನಾದದ್ದು ನಾಚಿಕೆಯಿಂದ. ನನ್ನ ಸುಳ್ಳಿಗೆ ನೀನು ಪಾಪ, ಒಂದು ಮುಖ ಹುಡುಕ್ತಾ ಇದೀಯಲ್ಲ ಅಂತ."

ಪತ್ರಿಕೆಯವರಲ್ಲಿ ಇದಕ್ಕಿಂತ ಹೀನವಾದ ಮಾತಿಲ್ಲ. ಕುಡಿದು ಬರೆದರೂ ಕ್ಷಮಿಸುತ್ತಾರೆ, ಇಲ್ಲದ ಮನುಷ್ಯನನ್ನು ಹುಟ್ಟಿಸಿ ಅವನ ಬಾಯಲ್ಲಿ ಸುದ್ದಿ ಹೇಳಿಸಿದವರನ್ನು ಹತ್ತಿರ ಸೇರಿಸುವುದಿಲ್ಲ. ಡೈರೆಕ್ಟರ್ ಬಹಳ ಹೊತ್ತು ಅವಳ ಮುಖ ನೋಡಿದಳು. ಹಾಗಲ್ಲಮ್ಮ ಕಣ್ಣು ತಗ್ಗಿಸಲಿಲ್ಲ. ಇವಳು ನಂಬದೇ ಹೋದರೆ ಎಲ್ಲ ಮುಗಿಯಿತು.

"ಇದನ್ನ ಕ್ಯಾಮೆರಾ ಮುಂದೆ ಹೇಳ್ತೀರಾ?"

"ಹೇಳ್ತೀನಿ."

ಆ ಕ್ಷಣ ಡೈರೆಕ್ಟರಳ ಕಣ್ಣಲ್ಲಿದ್ದ ಗೌರವ ಎದ್ದು ಹೋಯಿತು. ಹಾಗಲ್ಲಮ್ಮ ಅದನ್ನು ಕಣ್ಣಾರೆ ನೋಡಿದಳು. ನೋಡಿ ಸಂಕಟವೇ ಆಯಿತು, ಆದರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟಳು. ಅಕ್ಕ ಉಳಿದಳು.

ಸಿನಿಮಾ ಬಂತು. ಜನ ಮುಗಿಬಿದ್ದು ನೋಡಿದರು. ಅದರಲ್ಲಿ ಅಕ್ಕನ ಸುಳಿವೇ ಇರಲಿಲ್ಲ. ಇದ್ದದ್ದು ಸತ್ಯ ಹೊರಗೆ ತರಲು ಸುಳ್ಳು ಹೇಳುವ ಒಬ್ಬ ವರದಿಗಾರ್ತಿ. ಕೊನೆಗೆ ಪರದೆಯ ಮೇಲೆ ನಿಜವಾದ ಹಾಗಲ್ಲಮ್ಮ ಬಂದು, "ಒಳಗಿನವರು ಯಾರೂ ಇರಲಿಲ್ಲ" ಅನ್ನುತ್ತಿದ್ದಳು. ಲ್ಯಾಬಿನ ಅಪರಾಧವೇನೂ ಅಳಿಸಿ ಹೋಗಲಿಲ್ಲ. ಅದಕ್ಕೆ ಬೇರೆ ಸಾಕ್ಷಿಗಳೆಲ್ಲ ಕೋರ್ಟಿನಲ್ಲಿ ಬಂದಿದ್ದವು. ಆದರೆ ಜನರ ಬಾಯಿಗೆ ಅಷ್ಟೆಲ್ಲ ಯಾಕೆ ಬೇಕು? ಹಾಗಲ್ಲಮ್ಮ ಸುಳ್ಳಿ ಅಂತ ಊರು ತುಂಬ ಆಯಿತು. ಅವಳು ದುಡಿದ ಪತ್ರಿಕೆಯೇ ಅವಳ ಹಳೆಯ ವರದಿಗಳನ್ನೆಲ್ಲ ಮತ್ತೆ ಪರಿಶೀಲಿಸುತ್ತೇವೆ ಅಂತ ಮೊದಲ ಪುಟದಲ್ಲಿ ಹಾಕಿತು. ಅವಳ ಕೈಕೆಳಗೆ ಕಲಿತವರು ಫೋನ್ ಎತ್ತುವುದನ್ನು ಬಿಟ್ಟರು. ಒಬ್ಬಳು ಮಾತ್ರ ಫೋನ್ ಮಾಡಿ, "ನಮಗೆಲ್ಲ ಪಾಠ ಹೇಳಿದ್ರಲ್ಲ ಮೇಡಂ, ನಾಚಿಕೆ ಆಗಲಿಲ್ವಾ?" ಅಂತ ಅತ್ತಳು. ಹಾಗಲ್ಲಮ್ಮ ಫೋನ್ ಕಿವಿಗೆ ಹಿಡಿದುಕೊಂಡು ಸುಮ್ಮನೆ ಕೇಳಿಸಿಕೊಂಡಳು.

ಮೇಷ್ಟ್ರು ಆ ಸಂಜೆ ಅವಳ ಪಕ್ಕ ಬಂದು ಕೂತರು. "ನೋಡು, ನೀನು ಸುಳ್ಳು ಹೇಳ್ತಿದೀಯ ಅಂತ ನನಗೆ ಗೊತ್ತು. ಯಾವುದು ಸುಳ್ಳು ಅಂತ ಮಾತ್ರ ಗೊತ್ತಿಲ್ಲ. ಕೇಳೋದೂ ಇಲ್ಲ. ಊಟಕ್ಕೆ ಏಳು." ಅವತ್ತು ಅವಳು ಮೊದಲ ಸಲ ಬಿಕ್ಕಿಬಿಕ್ಕಿ ಅತ್ತಳು.

ಟೀವಿಯವರು ಜೆರಾಕ್ಸ್ ಅಂಗಡಿಗೂ ಹೋದರು. ತಮ್ಮ, ಜೆರಾಕ್ಸ್ ಯಂತ್ರಕ್ಕೆ ಒರಗಿ ನಿಂತು ನಗುನಗುತ್ತಾ ಮಾತಾಡಿದ. "ನಾನು ಆವತ್ತೇ ಹೇಳಿದ್ದೆ, ಆ ಹೆಂಗಸು ಮಹಾ ಸುಳ್ಳಿ ಅಂತ. ನನ್ನ ಮನೆಯವರು, ನನ್ನ ಕೆಲಸದವರು ಯಾರೂ ನನಗೆ ದ್ರೋಹ ಮಾಡಿಲ್ಲ. ಇಷ್ಟು ವರ್ಷ ಒಬ್ಬೊಬ್ಬರ ಮೇಲೂ ಅನುಮಾನ ಪಟ್ಟೆ, ಈಗ ನಿದ್ದೆ ಬರುತ್ತೆ." ಅವನ ಹಿಂದೆ ಬಾಗಿಲ ಬಳಿ ಬಿಳಿ ತಲೆಯೊಂದು ಕ್ಷಣ ಕಂಡು ಒಳಗೆ ಸರಿಯಿತು. ಅವನು ನಿಶ್ಚಿಂತೆಯಾಗಿದ್ದಾನೆ, ಅವಳಿಗೆ ಇನ್ನು ಅಪಾಯವಿಲ್ಲ ಅಂತ ಹಾಗಲ್ಲಮ್ಮ ತನಗೆ ತಾನೇ ಹೇಳಿಕೊಂಡಳು.

ಅದಾಗಿ ಸುಮಾರು ದಿನಗಳ ಮೇಲೆ, ಮಧ್ಯಾಹ್ನದ ಸುಡುಬಿಸಿಲಲ್ಲಿ ಮನೆಯ ಮುಂದೆ ಒಂದು ಹಳೆಯ ಕಾರು ಬಂದು ನಿಂತಿತು. ಹಿಂದಿನ ಬಾಗಿಲಿನಿಂದ ಅಕ್ಕ ಇಳಿದಳು. ಕಾರು ಓಡಿಸಿದವನು ಇಳಿಯಲಿಲ್ಲ. ಹಾಗಲ್ಲಮ್ಮ ಅದನ್ನು ಕಿಟಕಿಯಿಂದ ನೋಡಿದಳು. ಓಡಿಹೋಗಿ ಬಾಗಿಲು ತೆಗೆದಳು.

"ಅಕ್ಕಾ! ಇದೇನು ಮಾಡ್ಕೊಂಡ್ರಿ?"

"ತಮ್ಮನಿಗೆ ಹೇಳ್ಬಿಟ್ಟೆ ಕಣೆ," ಅಂದಳು ಅಕ್ಕ. ಹೊಸ್ತಿಲ ಮೇಲೇ ನಿಂತಿದ್ದಳು, ಏದುಸಿರು ಬಿಡುತ್ತಿದ್ದಳು. "ನಾನೇ ಹೇಳ್ಬಿಟ್ಟೆ."

"ಯಾಕೆ? ಯಾಕೆ ಹೇಳಿದ್ರಿ? ನಾನು ಇಷ್ಟೆಲ್ಲ..."

"ದಿನಾ ಊಟಕ್ಕೆ ಕೂತಾಗ ನಿನ್ನ ಹೆಸರು ಎತ್ತಿ ನಗೋನು. ಸುಳ್ಳಿ, ಸುಳ್ಳಿ ಅಂತ. ನಾನು ತಲೆ ಬಗ್ಗಿಸಿಕೊಂಡು ತಿನ್ನಬೇಕು. ಎಷ್ಟು ದಿನ ತಿನ್ನಲಿ? ನಿನ್ನ ಮರ್ಯಾದೆ ಹೋಗಿ ನನ್ನ ತಟ್ಟೆ ಉಳೀಬೇಕಾ?" ಅಕ್ಕನ ದನಿ ಒಡೆಯಿತು. "ಹೊಡೀಲಿಲ್ಲ, ಬೈಲಿಲ್ಲ. ಊಟ ತಂದು ಇಡ್ತಾನೆ, ಮಾತ್ರೆ ತಂದು ಇಡ್ತಾನೆ, ಒಂದು ಮಾತಿಲ್ಲ. ಅಕ್ಕ ಅಂತ ಕೂಗೋದೇ ಬಿಟ್ಟುಬಿಟ್ಟ. ಈವತ್ತು ಬೆಳಿಗ್ಗೆ ಕಾರು ತೆಗೆದು ನಿಂತ. ಎಲ್ಲಿಗೆ ಅಂತಾನೂ ಹೇಳಲಿಲ್ಲ. ನಿನ್ನನ್ನ ಏನೋ ಕೇಳಬೇಕಂತೆ. ನನ್ನನ್ನ ಇಲ್ಲೇ ಬಿಟ್ಟು ಹೋಗ್ತಾನೋ ಏನೋ."

ಹಾಗಲ್ಲಮ್ಮ ಬರಿಗಾಲಲ್ಲೇ ಕಾರಿನ ಹತ್ತಿರ ಹೋದಳು. ಅಕ್ಕ ಹಿಂದೆಯೇ ಬಂದು ಗೇಟು ಹಿಡಿದು ನಿಂತಳು. ತಮ್ಮ, ಕಾರಿನ ಕಿಟಕಿಯ ಗಾಜು ಇಳಿಸಿದ. ಟೀವಿಯಲ್ಲಿ ನಕ್ಕ ಮನುಷ್ಯ ಇವನೇನಾ ಅನ್ನಿಸುವ ಹಾಗೆ ಸೊರಗಿಹೋಗಿದ್ದ. ಎದುರಿನ ಗಾಜನ್ನೇ ನೋಡುತ್ತಾ ಮಾತಾಡಿದ.

"ಒಂದೇ ಒಂದು ಕೇಳ್ತೀನಿ. ನೀವು ಅವಳ ಹಿಂದೆ ಬಿದ್ರಾ, ಇಲ್ಲ ಅವಳೇ ನಿಮ್ಮ ಹತ್ರ ಬಂದ್ಲಾ?"

ಅವನಿಗೆ ಯಾವ ಉತ್ತರ ಬೇಕಾಗಿದೆ ಅಂತ ಹಾಗಲ್ಲಮ್ಮನಿಗೆ ಹಗಲಿನಷ್ಟು ನಿಚ್ಚಳವಾಗಿ ಕಂಡಿತು. ನಾನೇ ಹಿಂದೆ ಬಿದ್ದೆ, ಹೆದರಿಸಿದೆ, ಪುಸಲಾಯಿಸಿದೆ ಅಂದರೆ ಸಾಕು. ತಪ್ಪೆಲ್ಲ ಇವಳ ತಲೆಗೆ ಕಟ್ಟಿ ಅವನು ಅಕ್ಕನನ್ನು ಕರೆದುಕೊಂಡು ಮನೆಗೆ ಹೋಗಬಹುದು. ಇನ್ನೊಂದು ಸುಳ್ಳು, ಹೇಗೂ ಸುಳ್ಳಿ ಅನ್ನಿಸಿಕೊಂಡಾಗಿದೆ. ಅದು ನಾಲಿಗೆಯ ತುದಿಗೇ ಬಂದಿತ್ತು. ಗೇಟಿನ ಕಡೆ ನೋಡಿದಳು. ಅಕ್ಕ ಕಣ್ಣೀರು ಒರೆಸಿಕೊಳ್ಳದೆ ನಿಂತಿದ್ದಳು. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಧೈರ್ಯ ಮಾಡಿ ಹೇಳಿದವಳ ಮುಂದೆ ನಿಂತು, ಆ ಧೈರ್ಯ ಅವಳದ್ದಲ್ಲ ಅಂತ ಹೇಳುವುದು ಹೇಗೆ?

"ಅವರೇ ಬಂದ್ರು," ಅಂದಳು.

ತಮ್ಮ ಕಣ್ಣು ಮುಚ್ಚಿಕೊಂಡ.

"ಪೂರ್ತಿ ಕೇಳಿ. ಆಫೀಸಿನ ಎದುರಿಗಿದ್ದ ಬಸ್ ನಿಲ್ದಾಣದಲ್ಲಿ ಕೂತಿದ್ರು. ನನ್ನ ಕಂಡು ಎದ್ದು ಬಂದ್ರು. ಚೀಲದಲ್ಲಿ ಮೇಲ್ಗಡೆ ಇದ್ದದ್ದು ನಿಮ್ಮ ಮನೆಗೆ ಹಾಲು ಹಾಕ್ತಿದ್ದ ಹೆಂಗಸಿನ ಸೀಸೆ. ಎಲ್ಲ ಸರಿಯಾಗಿದೆ ಅಂತ ನೀವು ಬರೆದುಕೊಟ್ಟಿದ್ರಿ, ಆಕೆ ಸತ್ತು ವಾರ ಆಗಿತ್ತು. ಚೀಲ ಕೊಟ್ಟು ಅಕ್ಕ ಮೊದಲು ಹೇಳಿದ್ದು ಏನು ಗೊತ್ತಾ? ತಮ್ಮನಿಗೇ ಮೊದಲು ತೋರಿಸಿದೆ ಅಂದ್ರು. ಅಡುಗೆಮನೇಲಿ ನಿಮ್ಮ ಕೈ ಹಿಡ್ಕೊಂಡು, ಈ ಕೆಲಸ ಬಿಟ್ಟುಬಿಡೋ ಅಂತ ಬೇಡಿಕೊಂಡ್ರಂತೆ. ನೀವು ನಕ್ಕುಬಿಟ್ರಂತೆ. ಸೀಸೆ ತೊಳೆಯೋಳಿಗೆ ಇದೆಲ್ಲ ಯಾಕೆ ಅಂದ್ರಂತೆ. ಅವರು ಮೊದಲು ಬಂದದ್ದು ನನ್ನ ಹತ್ರ ಅಲ್ಲ. ನಿಮ್ಮ ಹತ್ರ."

ಹಾಗಲ್ಲಮ್ಮ ಕಾದಳು. ನೆಲ ಕಾದು ಪಾದ ಸುಡುತ್ತಿತ್ತು, ಕದಲಲಿಲ್ಲ. ಕಾರು ಚಾಲೂ ಮಾಡಿ ಹೊರಟುಬಿಡುತ್ತಾನೆ, ಅಕ್ಕನ ಹಾಸಿಗೆ ಇನ್ನು ತನ್ನ ಮನೆಯಲ್ಲೇ ಹಾಸಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡಳು.

"ಹೌದು," ಅಂದ ತಮ್ಮ. ಅವನ ದನಿ ಯಾರದ್ದೋ ದನಿಯ ಹಾಗಿತ್ತು. "ಹೇಳಿದ್ಲು. ಕೈ ಹಿಡ್ಕೊಂಡೇ ಹೇಳಿದ್ಲು. ಮರೆತೇ ಹೋಗಿತ್ತು."

ಮುಖವನ್ನು ತೋಳಿನಿಂದ ಒರೆಸಿಕೊಂಡ. ಆಮೇಲೆ ಪಕ್ಕಕ್ಕೆ ಬಗ್ಗಿ, ತನ್ನ ಪಕ್ಕದ ಸೀಟಿನ ಬಾಗಿಲನ್ನು ಒಳಗಿನಿಂದ ತಳ್ಳಿ ತೆಗೆದ.

"ಅಕ್ಕಾ," ಅಂದ, "ಬಾ ಕೂತ್ಕೋ. ಎಷ್ಟು ಹೊತ್ತು ಬಿಸಿಲಲ್ಲಿ ನಿಲ್ತೀಯ?"